ಅತ್ತಿಗೆಯ ಹಿತ್ತಿಲಲ್ಲಿ ಸ್ವೀಟ್ ಪೀ

ಫೆಬ್ರವರಿ 8

ಪ್ರೀತಿಯ ಪುಟ್ಟಿ,

ನಿನ್ನ ಕೋಣೆಯ ಕಿಟಕಿಯನ್ನು ನಿನ್ನನ್ನು ಕೇಳದೆ ಬಳಸಿಕೊಂಡಿದ್ದೇನೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಬೈಯುವುದಾದರೆ ಆಮೇಲೆ ಬೈ. ಮನೆಯಲ್ಲಿ ಬೆಳಗಿನ ಬಿಸಿಲು ನೆಟ್ಟಗೆ ಬೀಳುವುದು ಅಲ್ಲೊಂದೇ ಕಡೆ. ನೀನು ರಜೆಗೆ ಬಂದಾಗ ಪುಸ್ತಕ ಇಡುವ ಆ ಹಲಗೆಯ ಮೇಲೆ ಈಗ ಕಾಗದದ ಲೋಟಗಳ ಸಾಲು. ಲೋಟಕ್ಕೊಂದು ಕಾಳು. ಸ್ವೀಟ್ ಪೀ, ಹೂವಿನ ಬಳ್ಳಿ.

ನಗಬೇಡ. ಹೌದು, ನಾನೇ. ಒಂದು ಪುದೀನ ಗಿಡವನ್ನೂ ಉಳಿಸಿಕೊಳ್ಳಲಾರದವಳು ಎಂದು ನಿಮ್ಮಣ್ಣ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರಲ್ಲ, ಅದೇ ನಾನು. ಅವರು ಹೋಗಿ ಎರಡು ಚಳಿಗಾಲ ಕಳೆಯಿತು. ಅಷ್ಟೂ ದಿನ ಹಿತ್ತಿಲ ಬಾಗಿಲ ಚಿಲಕ ತೆಗೆಯುವ ಮನಸ್ಸಾಗಿರಲಿಲ್ಲ. ಕಳೆದ ಭಾನುವಾರ ಏನಾಯಿತೋ ಏನೋ, ತೆಗೆದೆ. ತುಕ್ಕು ಹಿಡಿದ ಸೈಕಲ್ಲು, ಒಣಗಿದ ಬಣ್ಣದ ಡಬ್ಬಗಳು, ಕಾಲು ಮುರಿದ ಬೆಂಚು, ಎಲ್ಲವನ್ನೂ ಗುಜರಿಯವನಿಗೆ ಹೊರಿಸಿ ಕಳಿಸಿದೆ. ನೋಡಿದರೆ ಅಡಿಯಲ್ಲಿ ಎಂಥ ಮಣ್ಣು ಅಂತೀಯ. ಕೈಯಲ್ಲಿ ಹಿಡಿದು ಬಿಟ್ಟರೆ ರವೆಯ ಹಾಗೆ ಉದುರುತ್ತದೆ. ಅಷ್ಟು ಒಳ್ಳೆಯ ಮಣ್ಣನ್ನು ಸುಮ್ಮನೆ ಬಿಡುವುದಕ್ಕೆ ನಾಚಿಕೆಯಾಯಿತು.

ಬೀಜದ ಅಂಗಡಿಯಾಕೆ ಪೊಟ್ಟಣ ಕೊಡುತ್ತಾ ಹೇಳಿದಳು: "ಬಟಾಣಿ ಜಾತಿ ಅಂತ ಬಾಯಿಗೆ ಹಾಕ್ಕೊಂಡೀರಾ ಮತ್ತೆ. ಕಾಳು ವಿಷ. ಇದು ಕಣ್ಣಿಗೆ, ಮೂಗಿಗೆ ಅಷ್ಟೇ."

ಕಣ್ಣು ನನ್ನದೇ ಕಸುಬು, ಮೂಗಿನ ಮೇಲೆ ಕನ್ನಡಕ ಕೂರಿಸುವುದೂ ನನ್ನದೇ ಕಸುಬು ಅಂದೆ. ಆಕೆಗೆ ಅರ್ಥವಾಗಲಿಲ್ಲ.

ಕಾಳುಗಳನ್ನು ನೀರಲ್ಲಿ ನೆನೆಸಿಟ್ಟೆ. ಕೆಲವು ಊದಿಕೊಂಡವು, ಕೆಲವು ಕಲ್ಲಿನ ಹಾಗೆ ಹಟ ಹಿಡಿದು ಕೂತವು. ಆ ಹಟಮಾರಿಗಳನ್ನು ನಮ್ಮ ಕನ್ನಡಕದ ಅಂಗಡಿಗೆ ಒಯ್ದು, ಫ್ರೇಮು ಉಜ್ಜುವ ಅರದಲ್ಲಿ ಸಿಪ್ಪೆಯನ್ನು ಒಂಚೂರು ಗೀರಿದೆ. ಮರುದಿನ ಅವೂ ಊದಿಕೊಂಡವು. ನನಗಾದ ಸಂತೋಷ ನೋಡಿ ಗಿರಾಕಿಯೊಬ್ಬರು ಸಿಹಿ ಸುದ್ದಿಯೇ ಎಂದು ಕೇಳಿದರು.

ಅಲ್ಲಿ ಗಾಳಿ ಹೇಗಿದೆ? ಕಿವಿಗೆ ಹತ್ತಿ ಇಟ್ಟುಕೋ.

ನಿನ್ನ ಅತ್ತಿಗೆ

*

ಫೆಬ್ರವರಿ 25

ಪ್ರೀತಿಯ ಅತ್ತಿಗೆಗೆ,

ಬೈಯುವುದಿಲ್ಲ. ಕಿಟಕಿ ನಿಮ್ಮದು. ಆದರೆ ಕೋಣೆ ಇದ್ದ ಹಾಗೇ ಇರಲಿ, ಮಂಚ ಸರಿಸಬೇಡಿ, ಬೀರು ಬೇರೆಡೆಗೆ ಕಳಿಸಬೇಡಿ. ಅದಕ್ಕೊಂದು ಕಾರಣವಿದೆ. ಪತ್ರದಲ್ಲಿ ಬರೆಯುವಂಥದ್ದಲ್ಲ, ಸಿಕ್ಕಾಗ ಹೇಳುತ್ತೇನೆ. ನೀವು ಕುಣಿದಾಡುತ್ತೀರಿ ಎಂದು ಮಾತ್ರ ಈಗ ಹೇಳಬಲ್ಲೆ.

ಗಾಳಿಯ ವಿಷಯ ಕೇಳಿದಿರಿ. ನೆನ್ನೆ ಅಡುಗೆಯವನು ಒಣಹಾಕಿದ್ದ ಪ್ಯಾಂಟು ಹಾರಿ ಸಮುದ್ರ ಸೇರಿತು. ಗಾಳಿಯ ವೇಗ, ದಿಕ್ಕು ಎಲ್ಲ ಬರೆದುಕೊಳ್ಳುವಾಗ ಅದನ್ನೂ ಬರೆಯೋಣವೇ ಎಂದು ನಮ್ಮ ಮೇಲಧಿಕಾರಿಯನ್ನು ಕೇಳಿದೆ. ಅವರು ನಗಲಿಲ್ಲ. ಸಮುದ್ರದ ನಡುವಿನ ಈ ಬಂಡೆಯ ಮೇಲೆ ಮೂರೇ ಜನ, ಅದರಲ್ಲಿ ನಗುವವಳು ನಾನೊಬ್ಬಳೇ. ಹುಲ್ಲು ಬಿಟ್ಟರೆ ಇನ್ನೇನೂ ಬೆಳೆಯದ ಜಾಗವಿದು. ನಿಮ್ಮ ಪತ್ರ ಓದಿದ ಮೇಲೆ ನನಗೆ ಮಣ್ಣಿನ ಆಸೆ ಹತ್ತಿದೆ. ದೋಣಿ ಬಂದಾಗಲೆಲ್ಲ ವಿವರವಾಗಿ ಬರೆಯಿರಿ. ಚಿಗುರು ಯಾವ ಬಣ್ಣ, ಎಲೆ ಹೇಗೆ, ಎಲ್ಲ ಬೇಕು.

ಹವಾಮಾನ ಕಚೇರಿಯವಳಾಗಿ ಒಂದು ಮಾತು: ರಾತ್ರಿಯ ಕೊರೆಚಳಿ ಇನ್ನೂ ಇದೆ, ಮಾರ್ಚ್ ಮುಗಿಯುವ ಮೊದಲು ಸಸಿಗಳನ್ನು ಹೊರಗೆ ನೆಡಬೇಡಿ.

ನಿಮ್ಮ ಪುಟ್ಟಿ

*

ಮಾರ್ಚ್ 19

ಪ್ರೀತಿಯ ಪುಟ್ಟಿ,

ಮೊಳಕೆ ಬಂದವು, ಮತ್ತು ಹೋದವು. ಇಲಿ ಕಣೇ. ಬೆಳಿಗ್ಗೆ ಎದ್ದು ನೋಡಿದರೆ ಲೋಟಗಳೆಲ್ಲ ಅಡ್ಡಡ್ಡ ಬಿದ್ದಿವೆ, ಒಂದರಲ್ಲೂ ಕಾಳಿಲ್ಲ. ನಾನು ನಿನ್ನ ಮಂಚದ ಮೇಲೆ ಕೂತು ಅತ್ತೆ. ಇಷ್ಟಕ್ಕೆಲ್ಲ ಅಳುತ್ತಾರೆಯೇ ಎಂದು ನನಗೇ ಅನ್ನಿಸಿತು, ಅನ್ನಿಸಿದ ಮೇಲೂ ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಇನ್ನೊಂದು ಪೊಟ್ಟಣ ತಂದೆ.

ಈ ಸಲ ಲೋಟಗಳನ್ನು ತಂತಿಬಲೆಯ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಪೆಟ್ಟಿಗೆ ಮಾಡಿಕೊಟ್ಟವರು ಏಣಿಯವರು. ಯಾರು ಅಂತೀಯಾ? ಹಿಂದಿನ ಬೀದಿಯವರು, ಫೈರ್ ಇಂಜಿನ್ ಓಡಿಸುತ್ತಿದ್ದವರು, ಈಗ ನಿವೃತ್ತರು. ಓದುವ ಕನ್ನಡಕ ಮೂಗಿನಿಂದ ಜಾರುತ್ತದೆ ಎಂದು ಅಂಗಡಿಗೆ ಬಂದಿದ್ದರು. ಕಡ್ಡಿ ಬಗ್ಗಿಸಿ ಸರಿಮಾಡಿಕೊಟ್ಟೆ. ಮಾರನೇ ವಾರ ಮತ್ತೆ ಜಾರುತ್ತಿದೆ ಎಂದು ಬಂದರು. ನೋಡಿದರೆ ಎಲ್ಲ ಸರಿಯಾಗೇ ಇದೆ. ಮಾತಿಗೆ ಮಾತು ಬಂದು, ನಮ್ಮ ಮನೆಯ ಮಳೆನೀರಿನ ಪೈಪು ಕಿತ್ತುಬಂದಿದೆ, ಅಷ್ಟು ಎತ್ತರದ ಏಣಿ ಇಲ್ಲ ಅಂದೆ. ಸಂಜೆ ಹೊತ್ತಿಗೆ ಏಣಿ ಹೆಗಲ ಮೇಲೆ ಹೊತ್ತು ಬಾಗಿಲಲ್ಲಿ ನಿಂತಿದ್ದರು. ಆವತ್ತಿಂದ ಬೀದಿಯ ಮಕ್ಕಳ ಬಾಯಲ್ಲಿ ಏಣಿಯವರು.

ಎರಡನೇ ಬಾರಿಯ ಮೊಳಕೆಗಳೂ ಬಂದಿವೆ. ಎರಡು ಜೊತೆ ಎಲೆ ಬಂದ ಮೇಲೆ ತುದಿ ಚಿವುಟಬೇಕಂತೆ. ಚಿವುಟಿದರೆ ಪಕ್ಕದಿಂದ ಗಟ್ಟಿ ಕವಲು ಒಡೆಯುತ್ತದಂತೆ. ನನಗೆ ಕೈ ಬರಲಿಲ್ಲ. ಏಣಿಯವರು "ನಾನೂ ಚಿವುಟಲ್ಲಪ್ಪ, ನೀವೇ ಬೆಳೆಸಿದ್ದು" ಅಂದುಬಿಟ್ಟರು. ಇಬ್ಬರೂ ಸ್ವಲ್ಪ ಹೊತ್ತು ಗಿಡ ನೋಡುತ್ತಾ ನಿಂತೆವು. ಕೊನೆಗೆ ನಾನು ಕಣ್ಣು ಮುಚ್ಚಿ ಚಿವುಟಿದೆ.

ನಿನ್ನ ಅತ್ತಿಗೆ

*

ಏಪ್ರಿಲ್ 5

ಪ್ರೀತಿಯ ಅತ್ತಿಗೆಗೆ,

ಇಲಿಯ ಸುದ್ದಿ ಓದಿ ನಾನೂ ಕೋಪದಲ್ಲಿ ಒಂದು ಸುತ್ತು ಬಂಡೆ ಸುತ್ತಿ ಬಂದೆ. ಎರಡನೇ ಪೊಟ್ಟಣದ ಸುದ್ದಿ ಓದಿ ಇನ್ನೊಂದು ಸುತ್ತು ಬಂದೆ, ಈ ಸಲ ಖುಷಿಯಲ್ಲಿ.

ಪಾಪ, ಆ ಏಣಿ ಅಜ್ಜನಿಂದ ಅಷ್ಟೊಂದು ಕೆಲಸ ಮಾಡಿಸಬೇಡಿ. ನಿವೃತ್ತರೆಂದರೆ ಮಂಡಿನೋವು ಇದ್ದೇ ಇರುತ್ತದೆ, ಏಣಿಯಿಂದ ಜಾರಿದರೆ ನಿಮ್ಮ ತಲೆಗೆ ಬರುತ್ತದೆ. ಒಂಟಿ ಮುದುಕರು ಮಾತಿಗೆ ಜನ ಸಿಕ್ಕರೆ ಬಿಡುವುದಿಲ್ಲ. ಬಿಸಿಯಾಗಿ ಏನಾದರೂ ಕುಡಿಯಲು ಕೊಟ್ಟು ಬೇಗ ಕಳಿಸಿಬಿಡಿ.

ನೀವು ಒಬ್ಬರೇ ಎಲ್ಲ ನಿಭಾಯಿಸಬೇಕಾಗಿ ಬಂದಿದೆಯಲ್ಲ ಎಂದು ನನಗೆ ಇಲ್ಲಿ ಕೂತು ಸಂಕಟವಾಗುತ್ತದೆ. ಹೆಚ್ಚು ದಿನ ಹಾಗಿರುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ.

ನಿಮ್ಮ ಪುಟ್ಟಿ

*

ಏಪ್ರಿಲ್ 30

ಪ್ರೀತಿಯ ಪುಟ್ಟಿ,

ಸಸಿಗಳು ನೆಲಕ್ಕಿಳಿದವು. ಗೋಡೆಯುದ್ದಕ್ಕೂ ಬಿದಿರಿನ ಗಳು ನೆಟ್ಟು, ಅಡ್ಡಡ್ಡ ದಾರ ಕಟ್ಟಿದ್ದೇವೆ. ಗಿಡಕ್ಕೆ ಬೆರಳುಗಳಿವೆ ಪುಟ್ಟಿ. ಎಲೆಯ ತುದಿಯಿಂದ ದಾರದಷ್ಟು ಸಣ್ಣ ಬಳ್ಳಿಬೆರಳು ಹೊರಟು ಗಾಳಿಯಲ್ಲಿ ತಡಕಾಡುತ್ತದೆ. ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಸುಮ್ಮನೆ ಚಾಚಿಕೊಂಡಿದ್ದದ್ದು, ಮಧ್ಯಾಹ್ನ ಊಟಕ್ಕೆ ಬಂದಾಗ ದಾರವನ್ನು ಸುತ್ತಿ ಹಿಡಿದಿರುತ್ತದೆ. ನಾನು ಈಗ ಊಟಕ್ಕೆ ಮನೆಗೇ ಬರುತ್ತೇನೆ. ಮಾಲೀಕರು ಒಂದು ಥರಾ ನೋಡುತ್ತಾರೆ, ನೋಡಲಿ.

ಏಣಿಯವರು ಅಜ್ಜ ಅಲ್ಲ. ಹಾಗಂತ ಹುಡುಗರೂ ಅಲ್ಲ. ಮಂಡಿ ಚೆನ್ನಾಗಿದೆ.

ನಿನಗೆ ಒಂದು ವಿಷಯ ಹೇಳಬೇಕು. ಎರಡು ಸಲ ಬರೆದು ಹರಿದು ಹಾಕಿದೆ. ದೋಣಿಯ ಟಪಾಲು ಕಟ್ಟುವ ಹೊತ್ತಾಯಿತು, ಮುಂದಿನ ಸಲ ಖಂಡಿತ.

ಮೊದಲ ಮೊಗ್ಗು ಕಂಡಿದೆ. ಅಕ್ಕಿಕಾಳಿನಷ್ಟಿದೆ.

ನಿನ್ನ ಅತ್ತಿಗೆ

*

ಮೇ 17

ಅತ್ತಿಗೆಗೆ,

ಭಾನುವಾರ ಮಧ್ಯಾಹ್ನ ಇಲ್ಲಿ ಗಾಳಿಯ ಒತ್ತಡ ಇದ್ದಕ್ಕಿದ್ದ ಹಾಗೆ ಕುಸಿಯಿತು. ಆಲಿಕಲ್ಲಿನ ಮೋಡ, ನೆಟ್ಟಗೆ ನಿಮ್ಮ ದಿಕ್ಕಿಗೇ ಹೊರಟಿತ್ತು. ವೈರ್‌ಲೆಸ್‌ನಲ್ಲಿ ಬಂದರಿಗೆ ಎಚ್ಚರಿಕೆ ಕೊಟ್ಟ ಮೇಲೆ, ಅಲ್ಲಿನ ಗುಮಾಸ್ತನನ್ನು ಗೋಗರೆದು ನಮ್ಮ ಮನೆಗೂ ಒಂದು ಫೋನು ಮಾಡಿಸಿದೆ. "ಗಿಡ ಮುಚ್ಚಿ" ಎಂದಷ್ಟೇ ಹೇಳಲು.

ಅವನು ತಿರುಗಿ ಉತ್ತರ ಕೊಟ್ಟ: "ತಿಳಿಸಿದೆ ಮೇಡಂ. ಮನೆ ಯಜಮಾನರೇ ಫೋನ್ ತಗೊಂಡ್ರು."

ಯಾವ ಯಜಮಾನರು?

ಗಿಡ ಉಳಿದವೇ?

ಪುಟ್ಟಿ

*

ಮೇ 24

ಪ್ರೀತಿಯ ಪುಟ್ಟಿ,

ಗಿಡ ಉಳಿದವು. ನಿನ್ನಿಂದ ಉಳಿದವು. ಮೊದಲು ಅದನ್ನು ಹೇಳುತ್ತೇನೆ, ಆಮೇಲೆ ಉಳಿದದ್ದು.

ಫೋನು ಬಂದಾಗ ನಾನು ಮೊಣಕೈವರೆಗೆ ಮಣ್ಣಾಗಿ ಹಿತ್ತಿಲಲ್ಲಿದ್ದೆ. "ಸ್ವಲ್ಪ ಎತ್ತಿ" ಎಂದು ಏಣಿಯವರಿಗೆ ನಾನೇ ಕೂಗಿ ಹೇಳಿದೆ. ಆ ಗುಮಾಸ್ತ "ಮನೆ ಯಜಮಾನರಾ?" ಎಂದು ಕೇಳಿದನಂತೆ. ಇವರು ಏನು ಹೇಳಬೇಕೆಂದು ತಿಳಿಯದೆ "ಹೂಂ, ಹೇಳಿ" ಅಂದರಂತೆ. ಆಮೇಲೆ ಕಿವಿ ಕೆಂಪಗೆ ಮಾಡಿಕೊಂಡು ಓಡಿಬಂದರು. "ಆಲಿಕಲ್ಲು ಬರ್ತಿದೆಯಂತೆ. ನಿಮ್ಮ ನಾದಿನಿ ಹೇಳಿ ಕಳಿಸಿದಾರೆ. ಮನೇಲಿರೋ ಬೆಡ್‌ಶೀಟೆಲ್ಲ ತನ್ನಿ."

"ಆಕಾಶ ನೋಡಿದ್ರೆ ಹಾಗೇನೂ ಇಲ್ವಲ್ಲ," ಅಂದೆ.

"ನಂಗೆ ಆಕಾಶಕ್ಕಿಂತ ಅವರ ಮೇಲೆ ನಂಬಿಕೆ. ಓಡಿ."

ಬೆಡ್‌ಶೀಟು, ಕಂಬಳಿ, ಕೊನೆಗೆ ಪರದೆಗಳನ್ನೂ ಕಿತ್ತು ತಂದೆ. ಅವರು ಏಣಿ ಹತ್ತಿ ಗೋಡೆಯ ಮೊಳೆಗಳಿಗೆ ಕಟ್ಟಿದರು, ನಾನು ಕೆಳಗಿನ ಅಂಚುಗಳಿಗೆ ಇಟ್ಟಿಗೆ ಹೇರಿದೆ. ಕೊನೆಯ ಗಂಟು ಬಿಗಿಯುವ ಹೊತ್ತಿಗೆ ಮೊದಲ ಕಲ್ಲು ಅವರ ಬೋಳುತಲೆಗೇ ಬಿತ್ತು. ಒಂದು ಮೂಲೆಯ ಕಂಬಳಿ ಗಾಳಿಗೆ ಬಿಚ್ಚಿಕೊಂಡಿತು. ಇಬ್ಬರೂ ಅದನ್ನು ಹಿಡಿದುಕೊಂಡು, ತಲೆಯ ಮೇಲೆ ಆಲಿಕಲ್ಲು ಹೊಡೆಸಿಕೊಳ್ಳುತ್ತಾ ನಿಂತೆವು. ಎಷ್ಟು ಹೊತ್ತೋ ಗೊತ್ತಿಲ್ಲ. ನನಗೆ ನಗು ಬಂತು ಪುಟ್ಟಿ. ಹೊಟ್ಟೆ ಹಿಡಿದುಕೊಂಡು ನಗುವಂಥ ನಗು. ನಿಮ್ಮಣ್ಣ ಹೋದ ಮೇಲೆ ನಾನು ಹಾಗೆ ನಕ್ಕಿರಲಿಲ್ಲ. ನಗುತ್ತಿದ್ದೇನೆ ಎಂದು ಗೊತ್ತಾದ ಕೂಡಲೇ ನಿಮ್ಮಣ್ಣನ ನೆನಪಾಗಿ ಅಳುವೂ ಬಂತು. ಏಣಿಯವರು ಕಂಬಳಿ ಬಿಡಲಿಲ್ಲ.

ಆಲಿಕಲ್ಲು ನಿಂತ ಮೇಲೆ ನೋಡಿದೆವು. ಬೀದಿಯಲ್ಲಿ ಒಂದು ಮರದಲ್ಲೂ ಎಲೆ ಇರಲಿಲ್ಲ. ನಮ್ಮ ಗೋಡೆಯ ಪರದೆ ಸರಿಸಿದರೆ ಒಳಗೆ ಗಿಡಗಳು ನಿದ್ದೆಯಿಂದ ಎದ್ದ ಮಕ್ಕಳ ಹಾಗೆ ನಿಂತಿದ್ದವು.

ಆಗ ಅವರು ಕೇಳಿದರು, ನನ್ನನ್ನು ಮದುವೆಯಾಗುತ್ತೀರಾ ಎಂದು. ನಾನು ಇನ್ನೂ ಉತ್ತರ ಕೊಟ್ಟಿಲ್ಲ. "ನನಗೆ ಒಬ್ಬ ನಾದಿನಿ ಇದಾಳೆ, ಅವಳಿಗೆ ಮೊದಲು ಹೇಳಬೇಕು" ಅಂದೆ. "ಹೇಳಿ, ಎಷ್ಟು ದಿನ ಬೇಕಾದ್ರೂ ಕಾಯ್ತೀನಿ" ಅಂದರು.

ನಾನು ನಿನ್ನ ಅಪ್ಪಣೆ ಕೇಳುತ್ತಿಲ್ಲ. ಈ ವಯಸ್ಸಿಗೆ ಅಪ್ಪಣೆ ಕೇಳಿದರೆ ನೀನೇ ನಗುತ್ತೀಯ. ಆದರೆ ನನ್ನನ್ನು ಈ ಮನೆಗೆ ತಂದದ್ದು ನಿಮ್ಮಣ್ಣ, ಇಲ್ಲಿ ಉಳಿಸಿದ್ದು ನೀನು. ಅವರು ಹೋದ ದಿನದಿಂದ ಎರಡು ತಿಂಗಳು ರಜೆ ಹಾಕಿ ನನಗೆ ಅನ್ನ ಕಲಸಿ ತಿನ್ನಿಸಿದವಳು ನೀನು. ನಿನ್ನ ಮನಸ್ಸು ಕಹಿಯಾದರೆ ನನಗೆ ಈ ಸಿಹಿ ಗಂಟಲಲ್ಲಿ ಇಳಿಯುವುದಿಲ್ಲ. ಮನೆಯ ವಿಷಯವೂ ಒಂದಿದೆ, ಅದನ್ನು ಎದುರಿಗೇ ಮಾತಾಡೋಣ.

ಮೊದಲೇ ಹೇಳಬೇಕಿತ್ತು. ಪತ್ರದಲ್ಲಿ ಗಿಡದ ವಿಷಯ ಬರೆಯುವುದು ಸುಲಭವಾಗಿತ್ತು.

ನಿನ್ನ ಅತ್ತಿಗೆ

*

ಜೂನ್ 10

ಪುಟ್ಟಿ,

ದೋಣಿ ಬಂತು, ನಿನ್ನ ಪತ್ರ ಬರಲಿಲ್ಲ.

ಹೂ ಬಿಟ್ಟಿವೆ. ಗುಲಾಬಿ, ನೇರಳೆ, ಬಿಳಿ, ಮತ್ತೆ ಒಂದು ಗಿಡದಲ್ಲಿ ಬೆಂಕಿಗೂ ಕುಂಕುಮಕ್ಕೂ ನಡುವಿನ ಬಣ್ಣ. ಒಂದೊಂದು ತೊಟ್ಟಿಗೆ ಮೂರು ನಾಲ್ಕು ಹೂ. ವಾಸನೆ ಹೇಗೆ ಬರೆಯಲಿ? ಜೇನೂ ಅಲ್ಲ, ಕಿತ್ತಳೆಯೂ ಅಲ್ಲ. ಹಿತ್ತಿಲ ಬಾಗಿಲು ತೆಗೆದರೆ ಅಡುಗೆಮನೆ ತುಂಬಿಕೊಳ್ಳುತ್ತದೆ. ದಿನವೂ ಕೊಯ್ಯುತ್ತೇನೆ. ಕೊಯ್ದಷ್ಟೂ ಬಿಡುತ್ತವೆ, ಕೊಯ್ಯದೆ ಕಾಯಿ ಕಟ್ಟಲು ಬಿಟ್ಟರೆ, ಸಾಕು ಅಂತ ನಿಂತುಬಿಡುತ್ತವೆ. ಅಂಗಡಿಯ ಕನ್ನಡಿಗಳ ಮುಂದೆಲ್ಲ ಗ್ಲಾಸಿನಲ್ಲಿ ಹೂ. ಹೊಸ ಕನ್ನಡಕ ಹಾಕಿಕೊಂಡವರು ಮೊದಲು ನೋಡುವುದು ಅದನ್ನೇ.

ಇಷ್ಟೆಲ್ಲ ಸಂಭ್ರಮದ ನಡುವೆ ಸಂಜೆಯಾದರೆ ಟಪಾಲು ಪೆಟ್ಟಿಗೆ ನೋಡಿ ಬರುತ್ತೇನೆ. ಬೈದಾದರೂ ಬರೆ.

ಅತ್ತಿಗೆ

*

ಜೂನ್ 12

ಪ್ರೀತಿಯ ಅತ್ತಿಗೆಗೆ,

ಬರೆಯದಿದ್ದದ್ದು ಕೋಪಕ್ಕೆ. ನಿಮ್ಮ ಮೇಲೆ ಎಂದುಕೊಂಡಿದ್ದೆ. ಅಣ್ಣನ ಪರವಾಗಿ ಕೋಪ ಮಾಡಿಕೊಂಡಿದ್ದೇನೆ ಎಂದು ದೊಡ್ಡ ದೊಡ್ಡ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿದೆ. ಆಮೇಲೆ ಗೊತ್ತಾಯಿತು, ನನ್ನ ಸಿಟ್ಟಿಗೂ ಅಣ್ಣನಿಗೂ ಏನೇನೂ ಸಂಬಂಧವಿಲ್ಲ. ಅಣ್ಣನಿಗೆ ನೀವು ನಕ್ಕರೆ ಸಾಕಿತ್ತು. ಸಾಲ ತೀರಿಸುವವನ ಹಾಗೆ ಮನೆ ತುಂಬ ಜೋಕು ಹೇಳುತ್ತಿದ್ದದ್ದು ಅದಕ್ಕೇ ಅಲ್ಲವೇ?

ನಿಜ ಹೇಳುತ್ತೇನೆ. ಈ ಕೇಂದ್ರ ಮುಚ್ಚುತ್ತಿದೆ. ನಮ್ಮ ಜಾಗಕ್ಕೆ ಯಂತ್ರ ಬರುತ್ತದೆ, ಅದಕ್ಕೆ ಅಡುಗೆಯವನೂ ಬೇಡ, ನಗುವವಳೂ ಬೇಡ. ಫೆಬ್ರವರಿಯಲ್ಲೇ ತಿಳಿದಿತ್ತು. ಜುಲೈ ಹೊತ್ತಿಗೆ ಪೆಟ್ಟಿಗೆ ಕಟ್ಟಿಕೊಂಡು ಬಂದು, ಬಾಗಿಲು ತಟ್ಟಿ, "ಇನ್ನು ಮೇಲೆ ಇಲ್ಲೇ" ಎಂದು ಹೇಳಿ ನಿಮ್ಮ ಮುಖ ನೋಡಬೇಕೆಂದಿದ್ದೆ. ಪಾಪ ಅತ್ತಿಗೆ ಒಬ್ಬರೇ, ನಾನು ಹೋಗಿ ಉದ್ಧಾರ ಮಾಡುತ್ತೇನೆ ಎಂದು ಬೀಗುತ್ತಿದ್ದೆ. ಒಬ್ಬಳೇ ಇದ್ದದ್ದು ನಾನು. ನಿಮಗೆ ಬೇರೆ ಜೊತೆ ಸಿಕ್ಕಿತು ಎಂದಾಗ ನೆಲ ಜಾರಿದ ಹಾಗಾದದ್ದು ಅದಕ್ಕೇ.

ಮದುವೆಯಾಗಿ ಅತ್ತಿಗೆ. ಒಪ್ಪಿ ಹೇಳುತ್ತಿದ್ದೇನೆ, ಬಾಯಿಮಾತಿಗಲ್ಲ. ನನ್ನ ಕೋಣೆಯ ಮಂಚ ಸರಿಸಿ, ಅವರ ಸಾಮಾನಿಗೆ ಜಾಗ ಮಾಡಿಕೊಡಿ. ರಾಜಧಾನಿಯ ದಾಖಲೆ ವಿಭಾಗದಲ್ಲಿ ಒಂದು ಕೆಲಸ ಇದೆಯಂತೆ, ಇಡೀ ದಿನ ನೆಲಮಾಳಿಗೆಯಲ್ಲಿ ಹಳೆಯ ಮಳೆಗಳ ಲೆಕ್ಕ ಜೋಡಿಸುವುದು. ಅದಕ್ಕೆ ಒಪ್ಪಿಗೆ ಬರೆದುಕೊಡುವವಳಿದ್ದೇನೆ. ತಿಂಗಳ ಕೊನೆಯೊಳಗೆ ಸಹಿ ಹಾಕಬೇಕು.

ಒಂದು ದೂರು ಮಾತ್ರ ಇದೆ. ಮೊಗ್ಗಿನ ಗಾತ್ರವನ್ನೂ ಬರೆದಿರಿ, ಆ ಮನುಷ್ಯ ಹೇಗಿದ್ದಾರೆಂದು ಒಂದು ಸಾಲು ಬರೆಯಲಿಲ್ಲ. ಬೋಳುತಲೆ ಎಂಬುದೂ ಆಲಿಕಲ್ಲಿನಿಂದ ತಿಳಿಯಿತು.

ನಿಮ್ಮ ಪುಟ್ಟಿ

*

ಜೂನ್ 20

ಪುಟ್ಟಿ, ಸಹಿ ಹಾಕಬೇಡ.

ಸಹಿ ಹಾಕಿದ್ದರೆ ಹೋಗಿ ಹೊಡೆದು ಹಾಕು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಹೀಗಿದೆ, ಕ್ಷಮಿಸು.

ನಿನ್ನ ಪತ್ರ ಅಡುಗೆಮನೆಯಲ್ಲಿ ನಿಂತುಕೊಂಡೇ ಓದಿದೆ. ಚಪ್ಪಲಿ ಕೂಡ ಮೆಟ್ಟದೆ ಹಿಂದಿನ ಬೀದಿಗೆ ಓಡಿದೆ. ಅವರು ತಮ್ಮ ಮನೆಯ ಮಾಡಿಗೆ ಏಣಿ ಹಾಕಿ ಹೆಂಚು ಸರಿಮಾಡುತ್ತಿದ್ದರು.

"ಹೂಂ," ಅಂದೆ ಕೆಳಗಿನಿಂದ.

"ಯಾವುದಕ್ಕೆ ಹೂಂ?"

"ನೀವು ಕೇಳಿದ್ದಕ್ಕೆ."

ಕೈಯಲ್ಲಿದ್ದ ಹೆಂಚನ್ನು ಮಾಡಿನ ಮೇಲಿಟ್ಟರು. ಆಮೇಲೆ ಮೆಲ್ಲಗೆ, "ಒಂದ್ನಿಮಿಷ, ಇಳೀತೀನಿ. ಏಣಿ ಮೇಲೆ ಇಂಥ ಮಾತು ಕೇಳಿಸ್ಕೊಳ್ಳೋದು ನಮ್ಮ ಇಲಾಖೆ ನಿಯಮಕ್ಕೆ ವಿರುದ್ಧ."

ಈಗ ಮನೆಯ ವಿಷಯ ಕೇಳು. ಅವರ ತಾಯಿ ಇದ್ದಾರೆ. ಕಾಲಿನ ಸ್ವಾಧೀನ ತಪ್ಪಿ ವರ್ಷಗಳಾದವು, ಕಿಟಕಿಯ ಪಕ್ಕದ ಮಂಚವೇ ಅವರ ಲೋಕ. ಆ ಕಿಟಕಿ, ಆ ಬೀದಿ ಬಿಟ್ಟು ಅವರನ್ನು ಬೇರೆ ಕಡೆ ಕರೆತರುವ ಹಾಗಿಲ್ಲ. ಹಾಗಾಗಿ ಇವರು ನಮ್ಮ ಮನೆಗೆ ಬರುವುದಲ್ಲ, ನಾನು ಅಲ್ಲಿಗೆ ಹೋಗುವುದು. ನಿಮ್ಮಣ್ಣ ಕಟ್ಟಿಸಿದ ಮನೆಗೆ ಬೀಗ ಹಾಕುತ್ತೇನೆ ಎಂದು ನಿನಗೆ ಹೇಗೆ ಬರೆಯಲಿ? ಅದಕ್ಕೇ ಎದುರಿಗೆ ಮಾತಾಡೋಣ ಎಂದದ್ದು. ಎರಡು ವಾರದಿಂದ ಇಬ್ಬರೂ ತಲೆ ಕೆಡಿಸಿಕೊಂಡಿದ್ದೇವೆ, ಗಿಡ ಯಾರು ನೋಡುತ್ತಾರೆ, ದಿನಾ ಯಾರು ಕೊಯ್ಯುತ್ತಾರೆ, ಮನೆಯಲ್ಲಿ ದೀಪ ಯಾರು ಹಾಕುತ್ತಾರೆ ಎಂದು. ನೀನು ಅಲ್ಲಿ ಬಂಡೆಯ ಮೇಲೆ ಕೂತು ನೆಲಮಾಳಿಗೆಗೆ ಹೋಗುತ್ತೇನೆ ಅಂತೀಯ.

ಮಂಚ ಇದ್ದಲ್ಲೇ ಇದೆ. ಮನೆಯೆಲ್ಲ ನಿನ್ನದು. ನಮ್ಮ ಹಿತ್ತಿಲಿಗೂ ಅವರ ಹಿತ್ತಿಲಿಗೂ ನಡುವೆ ಇರುವುದು ಒಂದು ಗೋಡೆ, ಅದಕ್ಕೊಂದು ಬಾಗಿಲು ಒಡೆಯಲು ಶುರುಮಾಡಿದ್ದಾರೆ. ಇಲ್ಲಿನ ಬಂದರಿನವರು ಹಡಗಿನವರಿಗೆ ಹವಾಮಾನ ಓದಿ ಹೇಳಲು ಜನ ಹುಡುಕುತ್ತಿದ್ದಾರಂತೆ. ಅದೇ ಗುಮಾಸ್ತ ಹೇಳಿದ. ಅವನಿಗೆ ನಿನ್ನ ಬಗ್ಗೆ ಬಹಳ ಗೌರವ, ಆಲಿಕಲ್ಲು ಹೇಳಿದ ಹೊತ್ತಿಗೇ ಬಿತ್ತಂತೆ.

ಮದುವೆ ಅಂದರೆ ನೋಂದಣಿ ಕಚೇರಿಗೆ ಹೋಗಿ ಬರುವುದು. ನೀನು ಬರದೆ ನಾನು ಆ ಮೆಟ್ಟಿಲು ಹತ್ತುವುದಿಲ್ಲ.

ಅವರು ಹೇಗಿದ್ದಾರೆ ಎಂದು ಕೇಳಿದೆಯಲ್ಲ. ಕಿವಿ ಸ್ವಲ್ಪ ದೊಡ್ಡದು. ಕನ್ನಡಕ ಈಗ ಜಾರುವುದಿಲ್ಲ.

ನಿನ್ನ ಅತ್ತಿಗೆ

*

ಜುಲೈ 3, ದೋಣಿಯಿಂದ

ಪ್ರೀತಿಯ ಅಕ್ಕ,

ತಪ್ಪಿ ಬರೆದದ್ದಲ್ಲ, ಬೇಕೆಂದೇ ಬರೆದದ್ದು. ಪೂರ್ತಿ ಓದಿ.

ಸಹಿ ಹಾಕಿರಲಿಲ್ಲ. ನಿಮ್ಮ ಪತ್ರ ಬಂದ ದೋಣಿಗೇ ಪೆಟ್ಟಿಗೆ ಹತ್ತಿಸಬೇಕೆಂದು ಓಡಾಡಿದೆ, ಕೆಲಸ ಒಪ್ಪಿಸಿ ಹೊರಡುವಷ್ಟರಲ್ಲಿ ಇಷ್ಟು ದಿನವಾಯಿತು. ಬರುವ ದಿನವನ್ನು ಗುಮಾಸ್ತನ ಮೂಲಕ ನಿಮಗೆ ತಿಳಿಸಿದ್ದಾಯಿತು. ಮೇಲಧಿಕಾರಿ ದಡದವರೆಗೂ ಬಂದು ಕೈಕುಲುಕಿದರು. ಅಡುಗೆಯವನ ಪ್ಯಾಂಟಿನ ವಿಷಯ ಅವರಿಗೆ ಆವತ್ತೇ ನಗು ತರಿಸಿತ್ತು, ಅಧಿಕಾರಿ ನಗಬಾರದೆಂದು ತಡೆದುಕೊಂಡಿದ್ದರಂತೆ. ಈಗ ನಕ್ಕರು. ಇಷ್ಟು ವರ್ಷ ಒಂದೇ ಬಂಡೆಯ ಮೇಲಿದ್ದು ಅವರ ಹಲ್ಲು ನೋಡಿದ್ದು ಇದೇ ಮೊದಲು.

ಈಗ ಡೆಕ್ಕಿನ ಮೇಲೆ ಕೂತು ಬರೆಯುತ್ತಿದ್ದೇನೆ. ಗಾಳಿ ನೈಋತ್ಯದಿಂದ, ಹಗುರ. ಆಕಾಶ ಸ್ವಚ್ಛ. ಇದನ್ನು ಬಂದರಿನಲ್ಲಿ ಟಪಾಲಿಗೆ ಹಾಕಿದರೆ ನನ್ನ ನಂತರ ತಲುಪುತ್ತದೆ, ಆದರೂ ಬರೆಯದೆ ಇರಲಾಗುತ್ತಿಲ್ಲ. ಕೆಲವು ಮಾತು ಎದುರಿಗೆ ಹೇಳಲು ನನಗೂ ಬಾಯಿ ಬರುವುದಿಲ್ಲ.

ಬಂಡೆಯಿಂದ ಹೊರಟಾಗಿನಿಂದ ಒಂದೇ ಯೋಚನೆ, ಆ ಏಣಿಯವರನ್ನು ನಾನು ಏನೆಂದು ಕರೆಯುವುದು? ಅತ್ತಿಗೆಯ ಗಂಡನೆಂದರೆ ಅಣ್ಣನಾಗಬೇಕು. ನನಗೆ ಅಣ್ಣ ಒಬ್ಬನೇ ಇದ್ದದ್ದು, ಆ ಮಾತನ್ನು ಇನ್ನೊಬ್ಬರಿಗೆ ಕೊಡಲು ನನ್ನಿಂದಾಗದು. ಹೆಸರು ಹಿಡಿದು ಕರೆಯಲು ಅವರು ಹಿರಿಯರು. ಏಣಿಯವರೇ ಎಂದು ಕರೆಯೋಣವೆಂದರೆ ಅದು ಬೀದಿಮಕ್ಕಳದ್ದು. ಬಹಳ ಹೊತ್ತು ಅಲೆಗಳನ್ನು ನೋಡಿದ ಮೇಲೆ ಹೊಳೆಯಿತು. ಬದಲಾಗಬೇಕಾದದ್ದು ಅವರ ಹೆಸರಲ್ಲ, ನಿನ್ನದು. ನೀನು ಅಕ್ಕನಾದರೆ ಅವರು ಭಾವ. ಭಾವ ಎಂದು ಕರೆಯಲು ನನಗೆ ಒಂಚೂರೂ ಕಷ್ಟವಿಲ್ಲ, ಆ ಜಾಗ ಖಾಲಿಯೇ ಇತ್ತು.

ಅಣ್ಣನಿಂದ ನೀನು ನನಗೆ ಅತ್ತಿಗೆಯಾದೆ. ಅಕ್ಕ ಎಂದು ಮಾತ್ರ ನಾನೇ ಕರೆದದ್ದು, ಯಾರ ಮೂಲಕವೂ ಅಲ್ಲ. ಈ ಕಾಗದದ ಅರ್ಧದಲ್ಲಿ "ನಿಮ್ಮ" ಹೋಗಿ "ನಿನ್ನ" ಬಂದದ್ದೂ ಹಾಗೆಯೇ. ಸಿಟ್ಟು ಬಂದರೆ ಹೇಳು, ತಿದ್ದಿಕೊಳ್ಳುವುದಿಲ್ಲ.

ದಡ ಕಾಣುತ್ತಿದೆ. ಬಂದರಿನ ಕಟ್ಟೆಯ ಮೇಲೆ ಇಬ್ಬರು ನಿಂತಿದ್ದಾರೆ, ಒಬ್ಬರ ತಲೆ ಬಿಸಿಲಿಗೆ ಹೊಳೆಯುತ್ತಿದೆ. ಇನ್ನೊಬ್ಬಳ ಕೈಯಲ್ಲಿ ಒಂದು ಕಂತೆ ಬಣ್ಣ. ಇಷ್ಟು ದೂರಕ್ಕೆ ವಾಸನೆ ಬರುವುದಿಲ್ಲ, ಆದರೆ ನಾನು ಎದ್ದು ನಿಂತು ಗಾಳಿಗೆ ಮೂಗು ಚಾಚಿದ್ದೇನೆ.

ಪೆನ್ನು ಮುಚ್ಚುತ್ತೇನೆ, ಕೈ ಬೀಸಬೇಕು.

ನಿನ್ನ ತಂಗಿ